ಕಲ್ಲಡ್ಕಲ್ಲಿ ಮೇಗೆ ಒಂದು ಮಾರ್ಗ, ಕೆಳ ಒಂದು ಮಾರ್ಗ

ಕಲ್ಲಡ್ಕದ ಫ್ಲೈಓವರ್ ಸುರುವಾದ ಮತ್ತೆ ನೆಂಟ್ರಿಷ್ಟರು ಸಿಕ್ಕಿಯಪ್ಪಗ ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ಈಗ ನಿಂಗೊಗೆ ಅಪ್ಪನ ಮನೆಗೆ ಹೋಪಲೆ ಭಾರೀ ಸುಲಭ ಆದಿಕ್ಕಲ್ದಾ?" ಆಯಿದು, ಇಲ್ಲೆ ಹೇಳಿ ಹೇಳ್ತಿಲ್ಲೆ. ಆದರೆ ತಮಾಷೆ ಎಂತ ಹೇಳಿರೆ, ಆನು ಆ ಫ್ಲೈಓವರಿನ ಮೇಗೆ ಹೋಪಲೇ ಇಲ್ಲೆ. ಎನ್ನ ಅಪ್ಪನ ಮನೆ ಇಪ್ಪದು ವಿಟ್ಲದ ಹೊಡೆಲಿ. ವಿಟ್ಲಕ್ಕೆ ತಿರುಗೆಕ್ಕಾರೆ ಕೆಳಾಣ ಮಾರ್ಗಲ್ಲೇ ಹೋಯೆಕ್ಕು. ಮೇಗೆ ಹೋಪದು ಬೆಂಗಳೂರಿನ ಬಸ್ಸು, ಗ್ಯಾಸಿನ ಟ್ಯಾಂಕರ್, ಹತ್ತು ಹನ್ನೆರಡು ಚಕ್ರದ ಲಾರಿಗೊ. ಅವು ಮೇಗೆ ಹೋದ ಕಾರಣ ಎಂಗೊಗೆ ಕೆಳ ಜಾಗೆ ಸಿಕ್ಕಿತ್ತು. ಎಂಗಳ ಉಪಕಾರ ಅಷ್ಟೆ. ಅದು ಸಣ್ಣ ಉಪಕಾರ ಏನೂ ಅಲ್ಲ.

ಎಂಗಳ ಮನೆ ನಾರಾವಿಯ ಹತ್ರೆ. ಸೂರ್ಯನಾರಾಯಣ ದೇವಸ್ಥಾನದ ನಾರಾವಿ ಹೇಳಿರೆ ಗೊಂತಕ್ಕು ನಿಂಗೊಗೆ. ಬೆಳ್ತಂಗಡಿ ತಾಲೂಕು ಮುಗಿವ ಕೊಡಿ ಇದು, ಅತ್ಲಾಗಿ ಹೋದರೆ ಕಾರ್ಕಳ. ಮದಲು ಎಲ್ಲ ಒಂದೇ ಜಿಲ್ಲೆ. 1997ರಲ್ಲಿ ಉಡುಪಿ ಜಿಲ್ಲೆ ಬೇರೆ ಆದ ಮತ್ತೆ ಎಂಗೊ ಗಡಿಯವು ಆದೆಯೊ. ಇಲ್ಲಿಂದ ಅಳದಂಗಡಿ, ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆ, ಬಂಟ್ವಾಳ, ಬಿ.ಸಿ.ರೋಡು, ಪಾಣೆಮಂಗಳೂರು, ಕಲ್ಲಡ್ಕ, ಮತ್ತೆ ವಿಟ್ಲ. ಮದುವೆ ಆಗಿ ಬಂದ ಸುರುವಿಂಗೆ ಈ ದಾರಿಗೆ ಮೂರು ಬಸ್ಸು ಹತ್ತಿ ಇಳಿಯೆಕ್ಕಾಗಿತ್ತು. ಒಂದು ಕೈಲಿ ಮಗು, ಮತ್ತೊಂದು ಕೈಲಿ ಬ್ಯಾಗು, ಕಂಕುಳಿಲ್ಲಿ ಅತ್ತೆ ಕಟ್ಟಿಕೊಟ್ಟ ಹಲಸಿನ ಹಪ್ಪಳದ ಕಟ್ಟ. ಮೂವತ್ತು ವರ್ಷಕ್ಕೂ ಹೆಚ್ಚಾತು, ಈ ಮಾರ್ಗದ ಪ್ರತಿ ತಿರುಗಾಸು ಎನ್ನ ಸೊಂಟಕ್ಕೆ ಗೊಂತಿದ್ದು.

ಆನು ಕಲ್ತದು ಪಿ.ಯು.ಸಿ. ವರೆಗೆ. ಶಾಲೆಲಿ ಇತಿಹಾಸ ಹೇಳಿರೆ ಪಾಣಿಪತ್ತು, ಪ್ಲಾಸಿ. ಮನೆ ಎದುರಾಣ ಮಾರ್ಗಕ್ಕೂ ಒಂದು ಇತಿಹಾಸ ಇದ್ದು ಹೇಳಿ ಆರೂ ಹೇಳಿಕೊಟ್ಟಿದವಿಲ್ಲೆ. ಮತ್ತೆ ಮತ್ತೆ ಓದಿ, ಹಿರಿಯರ ಹತ್ರೆ ಕೇಳಿ ಗೊಂತಾದ್ದರ ಬರೆತ್ತಾ ಇದ್ದೆ.

ನಮ್ಮ ಊರಿಂಗೆ ಮಾರ್ಗ ತಡವಾಗಿ ಬಂದ ವಸ್ತು. ಅದಕ್ಕೂ ಮದಲು ಮಾರ್ಗ ಹೇಳಿರೆ ಹೊಳೆಯೇ. ಮಂಗಳೂರಿಂದ ನೇತ್ರಾವತಿಲಿ ದೋಣಿ ಮೇಗೆ ಬಂದು ಬಂಟ್ವಾಳಲ್ಲಿ, ಪಾಣೆಮಂಗಳೂರಿಲ್ಲಿ ಸಾಮಾನು ಇಳುಶುಗು. ಅಲ್ಲಿಂದ ಎತ್ತಿನ ಬೆನ್ನಿಲ್ಲಿ ಹೇರಿ ಘಾಟಿ ಹತ್ತುಸುದು. ಉಪ್ಪು, ಒಣಮೀನು, ತೆಂಗಿನಕಾಯಿ ಮೇಗೆ ಹೋಕು. ಕಾಫಿ, ಹೊಗೆಸೊಪ್ಪು, ಘಟ್ಟದ ಧಾನ್ಯ ಕೆಳ ಬಕ್ಕು. ಬಂಟ್ವಾಳದ ಪೇಟೆಲಿ ಈಗಳೂ ಹೊಳೆ ಕರೆಂಗೆ ಮೋರೆ ಮಾಡಿ ನಿಂದ ಹಳೆ ಅಂಗಡಿ, ಗೋದಾಮುಗೊ ಕಾಣ್ತಲ್ದಾ, ಅದು ಆ ದೋಣಿಯ ಕಾಲದ ಗುರ್ತ. ಮಾರ್ಗ ಬಂದ ಮತ್ತೆ ಪೇಟೆ ಹೊಳೆ ಕರೆಂದ ಎದ್ದು ಮೇಗೆ ಬಂತು. ಬಿ.ಸಿ.ರೋಡು ಹೇಳ್ತ ಹೆಸರೇ ನೋಡಿ: ಬಂಟ್ವಾಳ ಕ್ರಾಸ್ ರೋಡ್. ಬಂಟ್ವಾಳಕ್ಕೆ ತಿರುಗುವ ಜಾಗೆ ಹೇಳಿ ಇಪ್ಪ ಹೆಸರು, ಈಗ ಬಂಟ್ವಾಳಂದಲೂ ದೊಡ್ಡ ಪೇಟೆ ಅದು. ಮಾರ್ಗ ಪೇಟೆಗಳ ಹುಟ್ಟುಸುತ್ತು, ಹಳೆ ಪೇಟೆಯ ಸೊರಗುಸುತ್ತು.

ಮಾರ್ಗ ಇಲ್ಲದ್ದ ಕಾಲಲ್ಲಿ ದೊಡ್ಡ ಕೆಲಸ ಆಯಿದೇ ಇಲ್ಲೆ ಹೇಳಿ ಅಲ್ಲ. ಕಾರ್ಕಳಲ್ಲಿ 42 ಅಡಿಯ ಗೊಮ್ಮಟನ ಬಂಡೆಯ ಮೇಗೆ ನಿಲ್ಲಿಸಿದ್ದು 1432ರಲ್ಲಿ. ವೇಣೂರಿಲ್ಲಿ ಅಜಿಲ ಅರಸ ತಿಮ್ಮಣ್ಣ 35 ಅಡಿಯ ಗೊಮ್ಮಟನ ನಿಲ್ಲಿಸಿದ್ದು 1604ರಲ್ಲಿ. ಅಜಿಲರ ಅರಮನೆ ಎಂಗಳ ದಾರಿಲಿಯೇ, ಅಳದಂಗಡಿಲಿ ಇದ್ದು. ವೇಣೂರಿನ ಮೂರ್ತಿಯ ಕಾರ್ಕಳಕ್ಕೆ ಕೊಡೆಕ್ಕು ಹೇಳಿ ಅಲ್ಯಾಣ ಅರಸು ಪಟ್ಟು ಹಿಡುದಪ್ಪಗ, ಅಜಿಲ ಅದರ ಫಲ್ಗುಣಿ ಹೊಳೆಯ ಹೊಯಿಗೆಲಿ ಹುಗುದು ಮಡಗಿದ ಹೇಳಿ ಕಥೆ ಹೇಳ್ತವು. ಕಾರ್ಕಳದ ಮೂರ್ತಿಯ ಗುಡ್ಡೆಗೆ ಏರ್ಸುಲೆ ತುಂಬ ಚಕ್ರದ ದೊಡ್ಡ ಗಾಡಿ ಮಾಡಿತ್ತಿದ್ದವಡ, ಸಾವಿರಗಟ್ಟಲೆ ಜೆನ ಎಳದವಡ. ಒಂದೇ ಸರ್ತಿಗೆ ಬೇಕಾದ ಮಾರ್ಗ ಅದು. ಮೂರ್ತಿ ಮೇಗೆ ಎತ್ತಿದ ಮತ್ತೆ ಆ ದಾರಿಯ ಕೆಲಸ ಮುಗುದತ್ತು. ದಿನಾಗಿಲೂ ಹಾಲು ಕೊಂಡೋಪವಂಗೆ, ಶಾಲೆಗೆ ಹೋಪ ಮಕ್ಕೊಗೆ ಬೇಕಪ್ಪ ಮಾರ್ಗ ಬೇರೆಯೇ.

1799ರಲ್ಲಿ ಟಿಪ್ಪು ಸತ್ತ ಮತ್ತೆ ನಮ್ಮ ಸೀಮೆ ಇಂಗ್ಲಿಷರ ಕಂಪೆನಿಯ ಕೈಗೆ ಹೋತು. ಎರಡು ವರ್ಷ ಅಪ್ಪಗ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಹೇಳ್ತ ಡಾಕ್ಟ್ರ ಇಲ್ಲಿಗೆ ಬಂದ. ಎಲ್ಲಿ ಎಂತ ಬೆಳೆತ್ತವು, ಎಷ್ಟು ತೆರಿಗೆ ಬತ್ತು ಹೇಳಿ ನೋಡ್ಲೆ ಕಂಪೆನಿ ಕಳುಸಿದ್ದು. ಅವ ಮಂಗಳೂರಿಂದ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಆಗಿ ಕಾರ್ಕಳಕ್ಕೆ ಹೋದ. ಎಂಗೊ ಇಂದು ಒಂದು ದಿನಲ್ಲಿ ಹೋಗಿ ಬಪ್ಪ ಊರುಗೊ. ಅವಂಗೆ ಎಷ್ಟೋ ದಿನ ಹಿಡುದತ್ತು, ದಿನಕ್ಕೊಂದು ಬಿಡಾರ. ಅವ ಬರದ ಪುಸ್ತಕ 1807ರಲ್ಲಿ ಮೂರು ಸಂಪುಟ ಆಗಿ ಅಚ್ಚಾತು.

ಈಗ ಕಲ್ಲಡ್ಕದ ಮಾರ್ಗಲ್ಲಿ ದೊಡ್ಡ ಜನಸಂದಣಿ ಹೇಳಿರೆ ಎನಗೆ ನೆಂಪಪ್ಪದು 1837. ಸುಳ್ಯದ ಹೊಡೆಂದ ರೈತರು ಕಂಪೆನಿಯ ವಿರುದ್ಧ ಎದ್ದವು. ತೆರಿಗೆಯ ಪೈಸೆಲೇ ಕಟ್ಟೆಕ್ಕು ಹೇಳಿದ್ದು ಅವರ ಸಿಟ್ಟಿಂಗೆ ಒಂದು ಕಾರಣ. ಬೆಳೆ ಕೊಟ್ಟು ಅಭ್ಯಾಸ ಇದ್ದವು ಪೈಸೆ ಎಲ್ಲಿಂದ ತಪ್ಪದು? ಬೆಳ್ಳಾರೆಯ ಖಜಾನೆ ಹಿಡುದು, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ಆಗಿ ಮಂಗಳೂರಿಂಗೆ ಹೋಗಿ ಏಪ್ರಿಲ್ 5ಕ್ಕೆ ಬಾವುಟ ಹಾರ್ಸಿದವು. ಆ ಗುಡ್ಡೆಗೆ ಬಾವುಟಗುಡ್ಡೆ ಹೇಳಿ ಈಗಳೂ ಹೆಸರು. ಎರಡು ವಾರ ಅಪ್ಪಂದ ಮದಲೇ ಇಂಗ್ಲಿಷರ ಸೈನ್ಯ ಬಂದು ಎಲ್ಲ ಮುಗುದತ್ತು, ಸುಮಾರು ಜೆನಕ್ಕೆ ಗಲ್ಲು ಆತು. ಸೈನ್ಯ ಬೇಗ ಹೋಯೆಕ್ಕಾರೆ ಮಾರ್ಗ ಬೇಕು ಹೇಳಿ ಆಳುವವಕ್ಕೆ ಇಂತಹ ದಂಗೆಗಳೇ ಕಲಿಶುದು. ನಮ್ಮ ಹಿರಿಯರಿಂಗೆ ಸುಖ ಆಗಲಿ ಹೇಳಿ ಆರೂ ಸುರುವಿಂಗೆ ಮಾರ್ಗ ಹಾಕಿದ್ದವಿಲ್ಲೆ ಹೇಳಿ ಎನ್ನ ಅಂದಾಜಿ.

ಮಾರ್ಗ ಇದ್ದರೂ ಹೊಳೆ ದಾಂಟುದು ಹೇಂಗೆ? ಕಡವಿಲ್ಲಿ ದೋಣಿ. ಮಳೆಗಾಲಲ್ಲಿ ನೇತ್ರಾವತಿ ತುಂಬಿರೆ ದೋಣಿಯವನೂ ಮನೆಲಿ. ಪಾಣೆಮಂಗಳೂರಿಲ್ಲಿ ಕಬ್ಬಿಣದ ಸಂಕ ಆದ್ದು 1914ರಲ್ಲಿ. ಅದಾಗಿ ಒಂಬತ್ತು ವರ್ಷಕ್ಕೆ, 1923ರಲ್ಲಿ ಮಾರಿಬೊಳ್ಳ ಬಂತು. ಎನ್ನ ಅಜ್ಜಿ ಅದರ ಕಣ್ಣಾರೆ ನೋಡಿದ್ದಲ್ಲ, ಅದರ ಅಬ್ಬೆ ಹೇಳಿದ್ದರ ಎಂಗೊಗೆ ಹೇಳುಗು: ಹಟ್ಟಿಯ ಮಾಡು, ತೊಟ್ಟಿಲು, ಬೈಹುಲ್ಲಿನ ಕುತ್ತರಿ, ಅದರ ಮೇಗೆ ಕೂದ ನಾಯಿ, ಎಲ್ಲ ತೇಲಿಂಡು ಬಂದುಕೊಂಡಿತ್ತಡ. ಬಂಟ್ವಾಳ ಪೇಟೆ ಮುಳುಗಿತ್ತು. ಸಂಕ ನಿಂದತ್ತು. 1974ರ ಬೊಳ್ಳಕ್ಕೂ ನಿಂದತ್ತು. ಈಗ ಹೊಸ ಸಂಕಂಗೊ ಹತ್ರೆಯೇ ಆಯಿದು. ಹಳೆ ಸಂಕಲ್ಲಿ ಘನ ವಾಹನ ಬಿಡ್ತವಿಲ್ಲೆ. ಬೆಂಗಳೂರಿನ ಲಾರಿಗಳ ಅಷ್ಟು ವರ್ಷ ಹೊತ್ತ ಸಂಕಕ್ಕೆ ಈಗ ಸ್ಕೂಟರು, ರಿಕ್ಷಾ. ಅದರ ಕಾಂಬಗ ಎನಗೆ ಮನೆಯ ದೊಡ್ಡ ಒರಳುಕಲ್ಲು ನೆಂಪಕ್ಕು. ಗ್ರೈಂಡರ್ ಬಂದ ಮತ್ತೆ ಆರೂ ತಿರುಗಿ ನೋಡ್ತವಿಲ್ಲೆ, ಆದರೆ ಕರೆಂಟು ಹೋದ ದಿನ ಅದುವೇ ಗತಿ.

ಬಸ್ಸುಗೊ ಬಂದದು ಆ ಹೊತ್ತಿಂಗೇ. ಸಿ.ಪಿ.ಸಿ., ಶಂಕರ್ ವಿಠಲ್ ಹೇಳಿರೆ ಹಳಬ್ಬರಿಂಗೆ ಬಸ್ಸಿನ ಹೆಸರಲ್ಲ, ಗಡಿಯಾರದ ಹೆಸರು. "ಶಂಕರ್ ವಿಠಲ್ ಹೋತು, ಅಶನಕ್ಕೆ ನೀರು ಮಡುಗು" ಹೇಳಿ ಮಾವನ ಅಬ್ಬೆ ಹೇಳುಗಡ. ಎರಡನೇ ಮಹಾಯುದ್ಧಲ್ಲಿ ಪೆಟ್ರೋಲಿಂಗೆ ತತ್ವಾರ ಆದಪ್ಪಗ ಬಸ್ಸಿನ ಹಿಂದೆ ಒಲೆ ಕಟ್ಟಿ ಇಜ್ಜಲಿನ ಗ್ಯಾಸಿಲ್ಲಿ ಓಡ್ಸಿದವು. ಚಡಾವು ಬಂದರೆ ಗೆಂಡುಮಕ್ಕೊ ಇಳುದು ನೂಕೆಕ್ಕು, ಹೆಮ್ಮಕ್ಕೊ ಒಳ ಕೂಪಲಕ್ಕು. ಮೋರೆಗೆ ಮಸಿ ಎಲ್ಲೋರಿಂಗೂ ಸಮ. 1956 ನವೆಂಬರ 1ರ ವರೆಗೆ ನಮ್ಮದು ಮದ್ರಾಸಿಂಗೆ ಸೇರಿದ ಜಿಲ್ಲೆ. ಬೆಂಗಳೂರು ಹೇಳಿರೆ ಘಟ್ಟದ ಮೇಗಾಣ ಪರವೂರು. ಕರ್ನಾಟಕ ಒಂದಾದ ಮತ್ತೆ ಕಚೇರಿ, ಕೋರ್ಟು, ಮಕ್ಕಳ ಓದು, ಕೆಲಸ ಎಲ್ಲ ಆ ಹೊಡೆಂಗೆ ತಿರುಗಿತ್ತು. ಅಷ್ಟಪ್ಪಗ ಶಿರಾಡಿ ಘಾಟಿಯ ಮಾರ್ಗವೇ ನಮ್ಮ ಹೆದ್ದಾರಿ ಆತು. ಮದಲು ಅದು ರಾಷ್ಟ್ರೀಯ ಹೆದ್ದಾರಿ 48, ಈಗ 75.

ಹೆದ್ದಾರಿಗೆ ಭಾರ ಬಿದ್ದದು ಬಂದರಿಂದಾಗಿ. ಪಣಂಬೂರಿನ ನವಮಂಗಳೂರು ಬಂದರು 1975ರ ಜನವರಿಲಿ ಉದ್ಘಾಟನೆ ಆತು. 1979ರಲ್ಲಿ ಹಾಸನಕ್ಕೆ ರೈಲು ಬಂತು. ರೈಲು ಬಂದರೆ ಮಾರ್ಗಲ್ಲಿ ಲಾರಿ ಕಮ್ಮಿ ಅಕ್ಕು ಹೇಳಿ ಗ್ರೇಶಿತ್ತಿದ್ದವಡ. ಆದರೆ ಹಳಿ ಬದಲ್ಸುಲೆ ಹೇಳಿ 1996ರಲ್ಲಿ ಆ ರೈಲು ನಿಲ್ಲಿಸಿ, ಪ್ರಯಾಣಿಕರಿಂಗೆ ಪುನಾ ಸುರು ಮಾಡುವಗ 2007 ಆಗಿತ್ತು. ಆ ವರ್ಷಂಗಳಲ್ಲಿ ಹೆಚ್ಚಿನ ಭಾರ ಮಾರ್ಗದ ಮೇಗೇ. ಅದೇ ಹೊತ್ತಿಂಗೆ ಎಂ.ಆರ್.ಪಿ.ಎಲ್. ಎಣ್ಣೆ ಶುದ್ಧ ಮಾಡ್ಲೆ ಸುರು ಮಾಡಿತ್ತು. ಪೆಟ್ರೋಲು, ಡೀಸೆಲು, ಅಡಿಗೆ ಗ್ಯಾಸು ತುಂಬಿದ ಟ್ಯಾಂಕರುಗೊ ಕಲ್ಲಡ್ಕ ಪೇಟೆಯ ಎಡೆಂದ ಹೋಯೆಕ್ಕಾಗಿತ್ತು. ಎಂಗಳ ಅಡಿಗೆಕೋಣೆಯ ಒಲೆ ಹೊತ್ತುಲೆ ಬೇಕಾದ ಗ್ಯಾಸು ಮಾರ್ಗಲ್ಲಿ ಹೋಪಗ ಎಂತ ಹೇಳಿ ಗೊಂತಾದ್ದು 2013ರ ಏಪ್ರಿಲಿಲ್ಲಿ. ಕಲ್ಲಡ್ಕಂದ ಮುಂದೆ ಪೆರ್ನೆಲಿ ಒಂದು ಗ್ಯಾಸ್ ಟ್ಯಾಂಕರ್ ಮೊಗಚ್ಚಿ ಬಿದ್ದು ಕಿಚ್ಚು ಹಿಡುದತ್ತು. ಮಾರ್ಗದ ಕರೆಲಿ ಮನೆಲಿ ಇದ್ದವು, ಅವರಷ್ಟಕ್ಕೆ ಇದ್ದವು, ಬೆಂದು ಹೋದವು. ಆ ಮತ್ತೆ ಸುಮಾರು ಸಮಯ ಟ್ಯಾಂಕರಿನ ಹಿಂದೆ ಎಂಗಳ ಕಾರು ನಿಂದರೆ ಆನು ಗ್ಲಾಸು ಹಾಕಿ ಕೂರುಗು. ಗ್ಲಾಸು ಹಾಕಿರೆ ಎಂತ ಪ್ರಯೋಜನ ಹೇಳಿ ಇವು ನೆಗೆ ಮಾಡುಗು. ಎನಗೆ ನೆಗೆ ಬಾರ.

ಇಲ್ಲಿ ಒಂದು ಮಾತು ಹೇಳೆಕ್ಕು. ನಾರಾವಿಂದ ಬಜಗೋಳಿಗೆ ಹೋಗಿ ಮೇಗೆ ಹತ್ತಿರೆ ಕುದುರೆಮುಖ. 1976ರಲ್ಲಿ ಅಲ್ಲಿ ಕಬ್ಬಿಣದ ಅದಿರಿನ ಕಂಪೆನಿ ಆತು. ಆ ಅದಿರಿನ ಲಾರಿಲಿ ತಂದಿದ್ದರೆ ಎಂಗಳ ಹೊಡೆಯ ಗತಿ ಎಂತ ಆವ್ತಿತ್ತು! ಆದರೆ ಅವು ಅದರ ಹೊಡಿ ಮಾಡಿ, ನೀರಿಲ್ಲಿ ಕಲಸಿ, 67 ಕಿ.ಮೀ. ಉದ್ದದ ಪೈಪಿಲ್ಲಿ ಪಣಂಬೂರಿಂಗೆ ಬಿಟ್ಟವು. ದೋಸೆ ಹಿಟ್ಟಿನ ಹಾಂಗೆ ಅದಿರು ಗುಡ್ಡೆ ಇಳುದು ಹೋತು. ಗಣಿಂದ ಹೊಳೆಗೆ, ಕಾಡಿಂಗೆ ಆದ ಉಪದ್ರ ಬೇರೆ ಕಥೆ. ಸುಪ್ರೀಂ ಕೋರ್ಟು ಹೇಳಿ 2005ರ ಕೊನೆಗೆ ಗಣಿ ನಿಂದತ್ತು. ಆದರೆ ಎಲ್ಲ ಸಾಮಾನಿಂಗೂ ಲಾರಿಯೇ ಆಯೆಕ್ಕು ಹೇಳಿ ಇಲ್ಲೆ ಹೇಳ್ತದರ ಆ ಪೈಪು ತೋರ್ಸಿತ್ತು. ಆ ಮಾರ್ಗಲ್ಲಿ ಎಸ್.ಕೆ. ಬಾರ್ಡರ್ ಹೇಳಿ ಒಂದು ಜಾಗೆ ಇದ್ದು. ಸೌತ್ ಕೆನರಾ ಜಿಲ್ಲೆಯ ಗಡಿ ಹೇಳಿ ಹೆಸರು. ಸೌತ್ ಕೆನರಾ ಹೋಗಿ ದಕ್ಷಿಣ ಕನ್ನಡ ಆತು, ಆ ಜಾಗೆ ಉಡುಪಿ ಜಿಲ್ಲೆಗೆ ಹೋತು, ಬೋರ್ಡು ಮಾಂತ್ರ ಎಸ್.ಕೆ. ಬಾರ್ಡರ್.

ಕಲ್ಲಡ್ಕಕ್ಕೆ ಬಪ್ಪ. ಸಣ್ಣ ಪೇಟೆ. ಎರಡೂ ಕರೆಲಿ ಅಂಗಡಿ, ನೆಡುಕೆ ಹೆದ್ದಾರಿ, ವಿಟ್ಲಕ್ಕೆ ಹೋಪವು ತಿರುಗುದು ಅಲ್ಲಿಯೇ. ಕಲ್ಲಡ್ಕದ ಕೆ.ಟಿ. ಗೊಂತಿಲ್ಲದ್ದವು ಆರು? ಗ್ಲಾಸಿಲ್ಲಿ ಕೆಳ ಬೆಳಿ ಹಾಲು, ಮೇಗೆ ಕೆಂಪು ಡಿಕಾಕ್ಷನ್, ಎರಡೂ ಸೇರದ್ದೆ ನಿಂಬದು. (ಆನು ಮನೆಲಿ ಮಾಡ್ಲೆ ನೋಡಿದೆ. ಸಕ್ಕರೆ ಹಾಲಿಂಗೇ ಹಾಕಿ ಕರಗ್ಸಿ, ಡಿಕಾಕ್ಷನ್ನಿನ ಚಮ್ಚದ ಮೇಗಂದ ಮೆಲ್ಲಂಗೆ ಬಿಡೆಕ್ಕು. ಹಾಲು ಸಕ್ಕರೆಂದಾಗಿ ಭಾರ, ಹಾಂಗಾಗಿ ಅಡಿಲಿ ನಿಲ್ಲುತ್ತು.) ಆ ಚಾಯಕ್ಕೆ ಹೇಳಿ ನಿಂಬ ಕಾರುಗೊ, ಶಾಲೆ ಮಕ್ಕೊ, ವಿಟ್ಲದ ಬಸ್ಸು, ಬೆಂಗಳೂರಿನ ಲಾರಿ. ಒಂದು ಲಾರಿ ಹಾಳಾಗಿ ನಿಂದರೆ ಮೇಲ್ಕಾರಿನ ವರೆಗೆ ಸಾಲು.

ಬಿ.ಸಿ.ರೋಡಿಂದ ಅಡ್ಡಹೊಳೆ ವರೆಗೆ ಚತುಷ್ಪಥ ಮಾಡ್ತವು ಹೇಳಿ 2017ರ ಹೊತ್ತಿಂಗೆ ಕೆಲಸ ಸುರುವಾತು. ಸುಮಾರು 64 ಕಿ.ಮೀ. ಮಾರ್ಗ ಅದು. ಮರ ಕಡುದವು, ಗುಡ್ಡೆ ಗರ್ಪಿದವು, ಮತ್ತೆ ನಿಂದತ್ತು. ಸುರುವಿಂಗೆ ಕೆಲಸ ತೆಕ್ಕೊಂಡವು ಅರ್ಧಲ್ಲಿ ಬಿಟ್ಟು ಹೋದವು. ಎರಡು ತುಂಡು ಮಾಡಿ ಬೇರೆಯವಕ್ಕೆ ಕೊಟ್ಟು ಪುನಾ ಸುರುವಪ್ಪಗ 2021. ಕಲ್ಲಡ್ಕಲ್ಲಿ ಮಾರ್ಗ ಅಗಲ ಮಾಡಿ ನೆಲಲ್ಲೇ ಬಿಟ್ಟಿದ್ದರೆ ಪೇಟೆ ಎರಡು ಹೋಳಕ್ಕು, ಈಚ ಕರೆಯವು ಆಚ ಕರೆಗೆ ಹೋಯೆಕ್ಕಾರೆ ಜೀವ ಕೈಲಿ ಹಿಡ್ಕೊಂಡು ಓಡೆಕ್ಕು. ಹಾಂಗಾಗಿ ಕಂಬದ ಮೇಗೆ ಮಾರ್ಗ. ಎರಡು ಕಿ.ಮೀ.ಗೆ ಮೇಗೆ ಇದ್ದು ಉದ್ದ. ಕಂಬದ ಮೇಗೆ ಆದ ಕಾರಣ ಅಡಿಲಿ ಜನ, ದನ, ರಿಕ್ಷಾ ಎಲ್ಲ ಅತ್ತಿತ್ತೆ ಹೋಪಲೆ ಆವ್ತು. ಮಣ್ಣು ತುಂಬಿ ಎತ್ತರ ಮಾಡಿದ್ದರೆ ಅದು ಗೋಡೆ ಆವ್ತಿತ್ತು. ಸಂಕಕ್ಕೂ ಕಟ್ಟಕ್ಕೂ ಇಪ್ಪ ವ್ಯತ್ಯಾಸ ಅದು.

ಆ ಮೂರು ನಾಲ್ಕು ವರ್ಷ ಕಲ್ಲಡ್ಕದವು ಅನುಭವಿಸಿದ್ದರ ಅವ್ವೇ ಹೇಳೆಕ್ಕು. ಬೇಸಗೆಲಿ ಧೂಳು, ಅಂಗಡಿಯ ಬಾಳೆಹಣ್ಣಿನ ಮೇಗೆ ಕೆಂಪು ಹೊಡಿ. ಮಳೆಗಾಲಲ್ಲಿ ಕೆಸರು, ಗುಂಡಿ ಎಷ್ಟು ಆಳ ಹೇಳಿ ಗೊಂತಪ್ಪದು ಚಕ್ರ ಇಳುದಪ್ಪಗಳೇ. ಎನ್ನ ಅಬ್ಬೆಗೆ ಆ ಸಮಯಲ್ಲೇ ಹುಷಾರಿಲ್ಲದ್ದೆ ಆದ್ದು. ವಾರಕ್ಕೆ ಎರಡು ಸರ್ತಿ ಡಯಾಲಿಸಿಸಿಂಗೆ ಮಂಗಳೂರಿಂಗೆ ಹೋಯೆಕ್ಕು. ಆಸ್ಪತ್ರೆಲಿ ನಾಲ್ಕು ಗಂಟೆ ಮೆಶಿನಿಲ್ಲಿ ಮನುಗುದಕ್ಕೆ ಅಬ್ಬೆ ಹೆದರಿದ್ದಿಲ್ಲೆ, ಕಲ್ಲಡ್ಕಕ್ಕೆ ಹೆದರಿತ್ತು. ಹೋಪಗ ಹೇಂಗೂ ಅಕ್ಕು. ಬಪ್ಪಗ ಜೀವಲ್ಲಿ ತ್ರಾಣ ಇರ್ತಿಲ್ಲೆ, ಗುಂಡಿಲಿ ಕಾರು ಎತ್ತಿ ಹಾಕುವಗ ಕೈಯ ಗಟ್ಟಿ ಹಿಡ್ಕೊಂಗು. ಒಂದು ಆಟಿ ತಿಂಗಳಿಲ್ಲಿ ಒಂದೂವರೆ ಗಂಟೆ ಒಂದೇ ಜಾಗೆಲಿ ನಿಂದೆಯೊ. ಕುಡಿವ ನೀರಿಂಗೂ ಲೆಕ್ಕ ಇಪ್ಪ ರೋಗ ಅದು. ಬಾಯಿ ಒಣಗಿರೂ ಒಂದು ಮುಕ್ಕುಳಿ ಮಾಂತ್ರ ಕೊಡ್ಲಕ್ಕಷ್ಟೆ. ಎದುರಾಣ ಲಾರಿಯ ಹಿಂದೆ "ಮತ್ತೆ ಸಿಗೋಣ" ಹೇಳಿ ಬರದ್ದರ ಅಬ್ಬೆ ಓದಿ, "ಇದು ಹೋದರಲ್ದಾ ಮತ್ತೆ ಸಿಕ್ಕುದು" ಹೇಳಿತ್ತು.

ಫ್ಲೈಓವರಿಲ್ಲಿ ವಾಹನ ಬಿಟ್ಟದು 2025ರ ಮಳೆಗಾಲ ಸುರುವಪ್ಪ ಹೊತ್ತಿಂಗೆ. ಅಬ್ಬೆ ಅದರ ನೋಡ್ಲೆ ಇತ್ತಿಲ್ಲೆ, ಅದರ ಹಿಂದಾಣ ವರ್ಷವೇ ತೀರಿಹೋತು. ತಮ್ಮ ಒಂದಾರಿ ಮಂಗಳೂರಿಂದ ಬಪ್ಪಗ ಬೇಕು ಹೇಳಿಯೇ ಮೇಗಂದ ಹೋಗಿ, ಮುಂದೆ ಇಳುದು ತಿರುಗಿ ಬಂದನಡ. ಎರಡು ಮೂರು ನಿಮಿಷದ ಕೆಲಸ ಅಡ. ಫೋನು ಮಾಡಿ ಅಷ್ಟು ಹೇಳಿದ, ಮತ್ತೆ ಎಂತದೂ ಹೇಳಿದ್ದಾಯಿಲ್ಲೆ. ಆನುದೆ ಕೇಳಿದ್ದಿಲ್ಲೆ.

ಕೆಳಾಣ ಮಾರ್ಗ ಈಗ ಊರಿನ ಮಾರ್ಗ ಆಯಿದು. ಬಸ್ಸಿಂಗೆ ಕಾವವು ಫ್ಲೈಓವರಿನ ಅಡಿಲಿ ನೆರಳಿಲ್ಲಿ ನಿಲ್ಲುತ್ತವು. ಚಾಯಕ್ಕೆ ಬಪ್ಪವು ಬೇಕು ಹೇಳಿಯೇ ಕೆಳ ಇಳುದು ಬರೆಕ್ಕು. ಮೇಗೆ ಹೋಪವಂಗೆ ಕಲ್ಲಡ್ಕ ಬಂದದೂ ಗೊಂತಾಗ, ಹೋದ್ದೂ ಗೊಂತಾಗ. ವ್ಯಾಪಾರದವಕ್ಕೆ ಅದು ಒಳ್ಳೆದೋ ಹಾಳೋ, ಎರಡು ಮೂರು ವರ್ಷ ಹೋದ ಮತ್ತೆ ಹೇಳುಲಕ್ಕು. ಬಂಟ್ವಾಳ ಹೊಳೆ ಕರೆಲಿ ಉಳುದತ್ತು, ಬಿ.ಸಿ.ರೋಡು ಬೆಳದತ್ತು ಹೇಳ್ತದರ ನೋಡಿರೆ ರಜ್ಜ ಹೆದರಿಕೆ ಅಪ್ಪದು ಸಹಜ.

ಎಂಗಳ ಇನ್ನೊಂದು ದಾರಿ ಮೂಡುಬಿದಿರೆ ಆಗಿ ಮಂಗಳೂರಿಂಗೆ. ಅಲ್ಲಿಯೂ ಇದೇ ಕಥೆ. ವೇಣೂರಿಲ್ಲಿ ಗೊಮ್ಮಟನ ಹತ್ರೆ ಹರಿವ ಫಲ್ಗುಣಿಯ ಗುರುಪುರಲ್ಲಿ ದಾಂಟುಲೆ 1923ರಲ್ಲಿ ಕಟ್ಟಿದ ಕಬ್ಬಿಣದ ಸಂಕ ಇತ್ತು. ಎರಡು ಬಸ್ಸು ಎದುರು ಬದುರು ಬಂದರೆ ಒಂದು ಕಾಯೆಕ್ಕು. ಸುಮಾರು ನೂರು ವರ್ಷ ಅದರಲ್ಲೇ ಸುಧಾರ್ಸಿ, 2020ರ ಜೂನಿಲ್ಲಿ, ಕೊರೋನದ ಎಡೆಲಿ ಹೊಸ ಸಂಕ ಆತು. ಈಗ ಬಿಕರ್ನಕಟ್ಟೆಂದ ಸಾಣೂರಿಂಗೆ ಚತುಷ್ಪಥದ ಕೆಲಸ. ಅಲ್ಲಿಯೂ ಜಾಗೆ ಹೋದವರ ಪರಿಹಾರದ ಜಗಳ, ಕಡುದ ಮರಂಗಳ ಬೊಡ್ಡೆ.

ಇಷ್ಟೆಲ್ಲ ಕೋಟಿಯ ಲೆಕ್ಕ ಓದುವಗ ಎನಗೆ ಸುಳ್ಯದ ಗಿರೀಶ್ ಭಾರದ್ವಾಜರ ನೆಂಪು ಬತ್ತು. 1989ರಲ್ಲಿ ಅರಂಬೂರಿಲ್ಲಿ ಪಯಸ್ವಿನಿ ಹೊಳೆಗೆ ತೂಗುಸಂಕ ಕಟ್ಟಿ ಸುರು ಮಾಡಿದವು, ಮತ್ತೆ ನೂರಕ್ಕೂ ಮೇಗೆ ಸಂಕ ಕಟ್ಟಿದವು, 2017ರಲ್ಲಿ ಪದ್ಮಶ್ರೀ ಬಂತು. ಲಾರಿ ಹೋಪ ಸಂಕ ಅಲ್ಲ, ನೆಡದು ಹೋಪವರದ್ದು. ಮಳೆಗಾಲಲ್ಲಿ ಶಾಲೆ ತಪ್ಪುಸೆಕ್ಕಾದ ಮಕ್ಕೊ, ಹೆರಿಗೆಗೆ ಹೋಪ ಹೆಮ್ಮಕ್ಕೊ, ಹಾಲಿನ ಕ್ಯಾನು. ಎಂಗಳ ನಾರಾವಿ ಸುತ್ತ ಘಟ್ಟದ ಬುಡಲ್ಲಿ ಇಪ್ಪ ಮನೆಗೊಕ್ಕೆ ಮಳೆಗಾಲಲ್ಲಿ ಅಡಕ್ಕೆಮರದ ಕಾಲುಸಂಕ ಈಗಳೂ ಬೇಕಾವ್ತು. ಅದರ ಮೇಗೆ ಹಾಸಂಬೆ ಬೆಳದು ಕಾಲು ಜಾರುತ್ತು ಹೇಳಿ ಜೇಷ್ಠಲ್ಲೇ ಬೂದಿ ಉಜ್ಜಿ ಮಡುಗುತ್ತವು.

ನಾರಾವಿ ಪೇಟೆಲಿಯೂ ಈಗ ಧರ್ಮಸ್ಥಳಕ್ಕೆ ಹೋಪ ಬಸ್ಸು, ಕಾರುಗಳ ಸಾಲು ರಜೆ ದಿನ ನಿಲ್ಲುತ್ತು. ಮನ್ನೆ ಒಂದು ಅಂಗಡಿಲಿ ಆರೋ ಹೇಳಿದವು, "ಇಲ್ಲಿಗೂ ಒಂದು ಫ್ಲೈಓವರ್ ಬೇಕು." ಅಂಗಡಿಯವು ಕಡ್ಲೆ ತೂಗಿಗೊಂಡು ಹೇಳಿದವು, "ಫ್ಲೈಓವರ್ ಬೇಡಪ್ಪಾ, ಶಾಲೆ ಬಿಡುವ ಹೊತ್ತಿಂಗೆ ಮಕ್ಕೊ ಮಾರ್ಗ ದಾಂಟುಲೆ ಒಂದು ಜೆನ ಸೀಟಿ ಹಿಡ್ಕೊಂಡು ನಿಂದರೆ ಸಾಕು." ಎನಗೂ ಹಾಂಗೇ ಕಾಣ್ತು. ಮತ್ತೆ ಅಳದಂಗಡಿ ಹೊಡೆಲಿ ತಿರುಗಾಸಿಂಗೆ ಬಗ್ಗಿದ ಬೆದುರಿನ ಮಳೆಗಾಲಕ್ಕೆ ಮದಲೇ ಕಡುದು ಕೊಟ್ಟರೆ ಎದುರು ಬಪ್ಪ ಬಸ್ಸಾದರೂ ಕಾಂಗು.